ಮುನ್ನೂರು ತಾತಂದಿರ ರಿಪ್ಸಿ ಆಂಟಿ

ರಿಪ್ಸಿ ಆಂಟಿ ಸತ್ತವರ ಬಗ್ಗೆ ಮಾತಾಡುವಾಗ ‘ಇದ್ದರು’ ಅನ್ನುತ್ತಿರಲಿಲ್ಲ, ‘ಇದ್ದಾರೆ’ ಅನ್ನುತ್ತಿದ್ದರು. “ಮಾರ್ಗರ್ ಸ್ವಲ್ಪ ಮುಂಗೋಪಿ. ಆದ್ರೆ ಮನಸ್ಸು ಒಳ್ಳೇದು. ಹೆಂಡತಿ ಮಾತು ಮಾತ್ರ ಕೇಳ್ತಾನೆ.” ಮೊದಲ ಸಲ ಇದನ್ನು ಕೇಳಿದಾಗ ಒಳಕೋಣೆಯಲ್ಲಿ ಯಾರೋ ಮಲಗಿರಬೇಕು ಅಂದುಕೊಂಡು ನಾನು ದನಿ ತಗ್ಗಿಸಿದ್ದೆ. ಮಾರ್ಗರ್ ಅನ್ನುವವನು ಆಂಟಿಯ ತಂದೆಯ ಕಡೆ ಏಳು ತಲೆಮಾರು ಹಿಂದಿನ ಹಿರಿಯ, ಮದ್ರಾಸಿನಲ್ಲಿ ರೇಷ್ಮೆ, ಮುತ್ತು ಮಾರುತ್ತಿದ್ದ ಅರ್ಮೇನಿಯನ್ ವ್ಯಾಪಾರಿ, ತೀರಿಕೊಂಡು ಇನ್ನೂರು ವರ್ಷದ ಮೇಲಾಗಿದೆ ಎಂದು ತಿಳಿದದ್ದು ಅರ್ಧ ಗಂಟೆಯಾದ ಮೇಲೆ.

ಅವರ ಪೂರ್ತಿ ಹೆಸರು ಹ್ರಿಪ್ಸಿಮೆ. ಮಂತ್ರ ಕೇಳಿ ಬೆಳೆದ ನಮ್ಮ ಕಿವಿಗೆ ‘ಹ್ರಿ’ ಹೊಸದಲ್ಲ, ಆದರೆ ಸಿಡ್ನಿಯವರ ನಾಲಿಗೆಗೆ ಅದು ಹತ್ತದೆ ರಿಪ್ಸಿ ಆಯಿತು. ನಾನು, ಸುರೇಶ, ಮಗಳು ದಿಯಾ ಈ ದೇಶಕ್ಕೆ ಬಂದ ಮೊದಲ ವರ್ಷ ಕ್ಯಾಸಲ್ ಹಿಲ್‌ನಲ್ಲಿ ಅವರ ಹಿತ್ತಲಿನ ಪುಟ್ಟ ಮನೆಗೆ, ಇಲ್ಲಿನವರು ಗ್ರಾನಿ ಫ್ಲಾಟ್ ಅನ್ನುವಂಥದ್ದಕ್ಕೆ, ಬಾಡಿಗೆಗೆ ಹೋದೆವು. ನನ್ನ ಆಫೀಸು ನಾರ್ವೆಸ್ಟ್‌ನಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಇಲ್ಲೇ ನೆಲೆಸುವ ಅನುಮತಿ, ಪಿಆರ್, ಬರುವ ತನಕ ಇರೋಣ ಅಂತ ಹೋದವರು ಆರು ವರ್ಷ ಅಲ್ಲೇ ಇದ್ದೆವು.

ಆಂಟಿ ಹುಟ್ಟಿದ್ದು ಕಲ್ಕತ್ತದಲ್ಲಿ. ಹನ್ನೆರಡನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಇಲ್ಲಿಗೆ ಬಂದಿದ್ದರು. ನನ್ನ ಜೊತೆ ಮಾತಾಡುತ್ತಿದ್ದದ್ದು ಅರ್ಧ ಇಂಗ್ಲಿಷು, ಅರ್ಧ ಕಲ್ಕತ್ತದ ಬಜಾರಿನ ಹಿಂದಿ. ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ಹೇಗೋ ಕನ್ನಡವಾಗಿಯೇ ಕೂತಿದೆ. ಹೆಸರಿನ ಮುಂದೆ ‘ಜಾನ್’ ಅಂತ ಸೇರಿಸುತ್ತಿದ್ದರು. ಪ್ರಾಣ ಅಂತ ಅರ್ಥ. “ವಾಣಿ ಜಾನ್, ಕಾಫಿಗೆ ಬಾ,” ಅಂತ ಹಿತ್ತಲ ಬಾಗಿಲಿನಿಂದ ಕೂಗಿದರೆ ಶನಿವಾರ ಶುರುವಾಯಿತು ಅಂತ ಲೆಕ್ಕ.

ಅವರ ಊಟದ ಮೇಜಿನ ಮೇಲೆ ಯಾರೂ ಊಟ ಮಾಡಿದ್ದನ್ನು ನಾನು ನೋಡಿಲ್ಲ. ಅಲ್ಲಿ ಶೂ ಡಬ್ಬಗಳಿದ್ದವು, ಒಂದೊಂದು ಊರಿಗೆ ಒಂದೊಂದು: ಜುಲ್ಫಾ, ಸೂರತ್, ಮದ್ರಾಸ್, ಕಲ್ಕತ್ತ, ಜಾವಾದ ಬಟೇವಿಯಾ. ಅವರ ಹಿರಿಯರು ಮೂಲದಲ್ಲಿ ಅರ್ಮೇನಿಯಾದ ಜುಲ್ಫಾ ಅನ್ನುವ ಊರಿನವರು. ಇರಾನಿನ ಶಾ ಒಬ್ಬ ಅವರನ್ನೆಲ್ಲ ಎಬ್ಬಿಸಿ ಇಸ್ಫಹಾನಿನ ಪಕ್ಕದಲ್ಲಿ ಹೊಸ ಜುಲ್ಫಾ ಕಟ್ಟಿಸಿ ಕೂರಿಸಿದನಂತೆ. ಅಲ್ಲಿಂದ ರೇಷ್ಮೆ ಹೊತ್ತು ಹಿಂದೂಸ್ತಾನಕ್ಕೆ, ಜಾವಾಕ್ಕೆ ಹರಡಿಕೊಂಡರು. ಹೋದಲ್ಲೆಲ್ಲ ಮದುವೆ, ನಾಮಕರಣ, ಜಗಳ, ಉಯಿಲು, ಎಲ್ಲವನ್ನೂ ಬರೆದಿಟ್ಟರು. “ಜಮೀನಿದ್ದವರು ಜಮೀನು ಇಟ್ಕೊಂಡ್ರು ಜಾನ್, ನಮ್ಮ ಹತ್ರ ಇದ್ದದ್ದು ಕಾಗದ,” ಅನ್ನುತ್ತಿದ್ದರು ಆಂಟಿ. ಚರ್ಚುಗಳಿಗೆ ಕಾಗದ ಬರೆದು, ಲೈಬ್ರರಿಗಳಿಂದ ನಕಲು ತರಿಸಿ, ಮೂವತ್ತು ವರ್ಷದಿಂದ ಆ ಡಬ್ಬಗಳನ್ನು ತುಂಬಿಸುತ್ತಾ ಬಂದಿದ್ದರು. ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಕೊಡುವುದು ನನ್ನ ಪಾಲಿನ ಕೆಲಸ. ಅದಕ್ಕಾಗಿ ನನಗೆ ಅರ್ಮೇನಿಯನ್ ಅಕ್ಷರ ಕಲಿಸಿದರು. ಹಳೆಯ ಲಕೋಟೆಯ ಬೆನ್ನ ಮೇಲೆ ದಪ್ಪಗೆ ಬರೆದು, “ಇದು ಮೆನ್, ಇದು ಐಬ್, ಇದು ರೇ, ಇದು ಗಿಮ್. ಈಗ ಮಾರ್ಗರ್ ಅಂತ ಬರಿ,” ಅಂದರು. ಆ ಭಾಷೆ ನನಗೆ ಇವತ್ತಿಗೂ ಬರುವುದಿಲ್ಲ. ಹೆಸರುಗಳನ್ನು ಮಾತ್ರ ಓದಬಲ್ಲೆ.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ಅವರ ಮನೆ ನೋಡಿ ಅಲ್ಲ. ಸಿಡ್ನಿಯಲ್ಲಿ ಸ್ವಂತ ಮನೆ ನೋಡಿ ಕರುಬುವುದು ಎಲ್ಲರೂ ಮಾಡುವ ಕೆಲಸ. ನಾನು ಕರುಬಿದ್ದು ಆ ಡಬ್ಬಗಳಿಗೆ.

ನನ್ನ ಅಪ್ಪನನ್ನು ಎರಡು ಮೂರು ವರ್ಷದ ಮಗುವಾಗಿದ್ದಾಗ ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಯಾರೋ ಬಿಟ್ಟು ಹೋಗಿದ್ದರು. ಹಾಸನದ ಅನಾಥಾಲಯದಲ್ಲಿ ಬೆಳೆದರು. ಅಲ್ಲಿನ ಮೇಲ್ವಿಚಾರಕರು ನಂಜುಂಡಪ್ಪ ಅಂತ ಹೆಸರಿಟ್ಟರು. ಐಟಿಐ ಮಾಡಿ ಬೆಂಗಳೂರಿನ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೆಷಿನ್ ಕೆಲಸಕ್ಕೆ ಸೇರಿದರು. ಎ. ನಂಜುಂಡಪ್ಪ. ಇನಿಷಿಯಲ್ ಬಿಡಿಸಿ ಹೇಳಿ ಅಂತ ಯಾವುದೇ ಆಫೀಸಿನಲ್ಲಿ ಕೇಳಿದರೂ ಅಪ್ಪ ನಿಧಾನವಾಗಿ “ಅರಸೀಕೆರೆ” ಅನ್ನುತ್ತಿದ್ದರು. ಗೋತ್ರ ಕೇಳಿದರೆ ಕಾಶ್ಯಪ. “ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಕಣಮ್ಮಾ, ಆತ ಯಾರನ್ನೂ ಬೇಡ ಅನ್ನಲ್ಲ,” ಅಂತ ನಗುತ್ತಿದ್ದರು. ಅಪ್ಪ ಅದನ್ನು ಹಗುರವಾಗಿ ತೆಗೆದುಕೊಂಡಿದ್ದರು. ನನಗೆ ಆಗಲಿಲ್ಲ. ಅಪ್ಪನ ಹಿಂದೆ ಒಂದು ರೈಲು ಪ್ಲಾಟ್‌ಫಾರ್ಮ್ ಮಾತ್ರ ಇತ್ತು. ಈ ಮುದುಕಿಯ ಹಿಂದೆ ಹನ್ನೊಂದು ತಲೆಮಾರು ಸಾಲಾಗಿ ನಿಂತಿತ್ತು. ಅವರಲ್ಲಿ ಯಾರಿಗೆ ಹಲ್ಲುನೋವಿತ್ತು ಅನ್ನುವುದೂ ಆಂಟಿಗೆ ಗೊತ್ತಿತ್ತು.

ದಿಯಾ ಒಂದು ಶನಿವಾರ ಡಬ್ಬಗಳನ್ನೆಲ್ಲ ನೋಡಿ ಬಂದು ನನ್ನನ್ನು ಕೇಳಿದಳು, “ಅಮ್ಮಾ, ಆಂಟಿ ಹ್ಯಾಸ್ ಲೈಕ್ ತ್ರೀ ಹಂಡ್ರೆಡ್ ಗ್ರ್ಯಾಂಡ್‌ಪಾಸ್. ಹೌ ಕಮ್ ಯೂ ಓನ್ಲಿ ಹ್ಯಾವ್ ಅಪ್ಪಾಜಿ?” ನಮ್ಮಪ್ಪನನ್ನು ಅವಳು ಅಪ್ಪಾಜಿ ಅನ್ನುತ್ತಿದ್ದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ಹೋಗಿ ಓದ್ಕೋ ಅಂತ ಗದರಿದೆ.

ಆಂಟಿಗೆ ನಮ್ಮಪ್ಪನ ಕಥೆ ಗೊತ್ತಾದದ್ದು ಸುರೇಶನ ಬಾಯಿಂದ. ಮುಂದಿನ ಶನಿವಾರ ಹೋದರೆ ಮೇಜಿನ ಮೇಲೆ ಹೊಸದೊಂದು ಡಬ್ಬ. ಮುಚ್ಚಳದ ಮೇಲೆ ಅರ್ಮೇನಿಯನ್ ಅಕ್ಷರದಲ್ಲಿ ‘ವಾಣಿ’ ಅಂತ ಬರೆದಿದ್ದರು. ತೆರೆದೆ. ಖಾಲಿ.

“ಹಾಸನಕ್ಕೆ ಒಂದು ಕಾಗದ ಬರೆಯೋಣ. ಅನಾಥಾಲಯದ ರಿಜಿಸ್ಟರ್ ಇರುತ್ತೆ. ಸ್ಟೇಷನ್ ಮಾಸ್ಟರ್ ಡೈರಿ ಇರುತ್ತೆ. ಕಾಗದ ಎಲ್ಲೂ ಸುಮ್ಮನೆ ಸಾಯಲ್ಲ ಜಾನ್,” ಅಂದರು.

“ಬೇಡ ಆಂಟಿ.”

“ಯಾಕೆ?”

“ಕೆಲವರಿಗೆ ಡಬ್ಬ ತುಂಬ ಸಿಗುತ್ತೆ, ಕೆಲವರಿಗೆ ಡಬ್ಬ ಮಾತ್ರ. ಅದನ್ನ ನನಗೆ ತೋರಿಸೋ ಅಗತ್ಯ ಇರಲಿಲ್ಲ.”

ಆಂಟಿ ಡಬ್ಬವನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಕಪಾಟಿನ ಮೇಲಿಟ್ಟರು. ಮಧ್ಯಾಹ್ನ ದಿಯಾ ಕೈಯಲ್ಲಿ ದ್ರಾಕ್ಷಿ ಎಲೆ ಸುತ್ತಿದ ದೋಲ್ಮಾ ಕಳಿಸಿದರು. ನಾವು ಮಾಂಸ ತಿನ್ನದವರೆಂದು ನಮಗಾಗಿ ಯಾವಾಗಲೂ ಬೇರೆ ಮಾಡುತ್ತಿದ್ದರು, ಅಕ್ಕಿ ಮತ್ತು ಕಡಲೆಬೇಳೆ ಹಾಕಿ. ನಾನು ತಿಂದೆ. ಸಾರಿ ಮಾತ್ರ ಹೇಳಲಿಲ್ಲ.

ಅವರ ಮುನ್ನೂರು ಜನರಲ್ಲಿ ಒಬ್ಬನ ಸಮಾಧಿ ಮಾತ್ರ ಸಿಕ್ಕಿರಲಿಲ್ಲ, ಮಾರ್ಗರನದು. ಮದ್ರಾಸಿನಿಂದ ಜಾವಾಕ್ಕೆ ಹಡಗು ಹತ್ತಿದವನು ದಾರಿಯಲ್ಲಿ ಮುಳುಗಿದ ಅಂತ ಮನೆತನದಲ್ಲಿ ಹೇಳಿಕೊಂಡು ಬಂದಿದ್ದರು. ಕಲ್ಕತ್ತದಿಂದ ಈ ದೇಶಕ್ಕೆ ಬರುವಾಗ ಆಂಟಿಯ ಅಪ್ಪ ದಿನಾ ಬೆಳಗ್ಗೆ ಹಡಗಿನ ಕಟಕಟೆಯ ಹತ್ತಿರ ನಿಂತು ಒಂದು ಬ್ರೆಡ್ ಚೂರನ್ನು ಸಮುದ್ರಕ್ಕೆ ಹಾಕುತ್ತಿದ್ದರಂತೆ, ಮಾರ್ಗರನಿಗೆ ಅಂತ. ಇಲ್ಲಿಗೆ ಬಂದ ಮೇಲೂ ಸಾಯುವ ತನಕ ಅದನ್ನು ಬಿಟ್ಟಿರಲಿಲ್ಲ. ಅವರು ಹೋದ ಮೇಲೆ ಆಂಟಿ ಅದನ್ನು ಮುಂದುವರಿಸಿದರು. ವರ್ಷಕ್ಕೊಮ್ಮೆ, ಅಪ್ಪ ತೀರಿಕೊಂಡ ದಿನ, ಮ್ಯಾನ್ಲಿ ಬೀಚಿಗೆ ಹೋಗಿ ಬ್ರೆಡ್ ಹಾಕಿ ಬರುತ್ತಿದ್ದರು. ಆದರೂ ಅವರ ಮನಸ್ಸಿನ ಮೂಲೆಯಲ್ಲೊಂದು ಅನುಮಾನವಿತ್ತು. ಮದ್ರಾಸಿನ ಹಳೆಯ ಅರ್ಮೇನಿಯನ್ ಚರ್ಚಿನ ಅಂಗಳದಲ್ಲಿ ನೆಲಕ್ಕೆ ಹಾಸಿದ್ದೆಲ್ಲ ಸಮಾಧಿ ಕಲ್ಲುಗಳು. ಯಾರೋ ಹಿಂದೆ ಮಾಡಿದ ಪಟ್ಟಿಯಲ್ಲಿ ಕೆಲವನ್ನು ‘ಓದಲಾಗದು’ ಅಂತ ಬಿಟ್ಟಿದ್ದರು. “ಅವನು ಹಡಗು ಹತ್ತಲೇ ಇಲ್ಲವಾದ್ರೆ?” ಅನ್ನುತ್ತಿದ್ದರು.

ನಾವು ಅಲ್ಲಿಗೆ ಹೋದ ಐದನೇ ವರ್ಷ ನಮ್ಮಪ್ಪ ತೀರಿಕೊಂಡರು. ಆಗ ರಜೆ ಸಿಗದೆ ಹೋಗಲಾಗಲಿಲ್ಲ. ವರ್ಷದ ತಿಥಿಗೆ ಹೊರಟೆ. ಆಂಟಿ ಬೀಳ್ಕೊಡುವಾಗ ಕೈ ಹಿಡಿದುಕೊಂಡು, “ಅಪ್ಪನ ಕೆಲಸ ಮೊದಲು. ಆಮೇಲೆ ಪುರುಸೊತ್ತಾದ್ರೆ ಮದ್ರಾಸಿಗೆ ಹೋಗಿ ಆ ಕಲ್ಲುಗಳನ್ನ ನೋಡ್ತೀಯಾ ಜಾನ್? ನನಗಿನ್ನು ಅಷ್ಟು ದೂರ ಆಗಲ್ಲ,” ಅಂದರು.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತಮ್ಮ ಗಿರೀಶ ಒದ್ದೆ ಪಂಚೆಯಲ್ಲಿ ಕೂತಿದ್ದ. ಪುರೋಹಿತರು ಮೂರು ತಲೆಯ ಹೆಸರು ಕೇಳಿದರು. ಅವನು ಅಪ್ಪನದನ್ನಷ್ಟೇ ಹೇಳಿದ.

“ತಾತನದು?”

“ಗೊತ್ತಿಲ್ಲ.”

“ಚಿಂತೆ ಇಲ್ಲಪ್ಪ. ಗೊತ್ತಿಲ್ಲದವರಿಗೂ ಶಾಸ್ತ್ರದಲ್ಲಿ ಹೆಸರಿಟ್ಟಿದ್ದಾರೆ. ತಾತ ಅಂತರಿಕ್ಷಸದ್, ಮುತ್ತಾತ ದಿವಿಷದ್. ನಾನು ಹೇಳಿದ ಹಾಗೆ ಹೇಳು,” ಅಂದರು ಅವರು, ಸಮಾಧಾನವಾಗಿಯೇ.

ಅಂತರಿಕ್ಷದಲ್ಲಿ ಇರುವವನು, ಸ್ವರ್ಗದಲ್ಲಿ ಇರುವವನು. ನಮ್ಮ ಆಫೀಸಿನಲ್ಲಿ ಟೆಸ್ಟಿಂಗ್‌ಗೆ ನಿಜವಾದ ಗ್ರಾಹಕರ ಹೆಸರು ಸಿಗದಿದ್ದರೆ ಡಮ್ಮಿ ಹೆಸರು ಹಾಕುತ್ತೇವೆ. ಕೆಲಸ ಮುಗಿದ ಮೇಲೆ ಅಳಿಸುತ್ತೇವೆ. ಗಿರೀಶ ಡಮ್ಮಿ ಹೆಸರುಗಳಿಗೆ ಎಳ್ಳುನೀರು ಬಿಡುವುದನ್ನು ನೋಡುತ್ತಾ ಮೆಟ್ಟಿಲ ಮೇಲೆ ಕೂತಿದ್ದ ನನಗೆ ನೆನಪಾದದ್ದು ಅಪ್ಪ ಅಲ್ಲ. ಕ್ಯಾಸಲ್ ಹಿಲ್‌ನ ಆ ಊಟದ ಮೇಜು.

ಎರಡು ದಿನ ಬಿಟ್ಟು ರೈಲು ಹತ್ತಿ ಮದ್ರಾಸಿಗೆ ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಚರ್ಚಿನ ಅಂಗಳ ನೋಡಿಕೊಳ್ಳುವ ವಯಸ್ಸಾದ ತಮಿಳರೊಬ್ಬರು ನನ್ನ ಪಾಡು ನೋಡಿ ಒಂದು ಬಕೆಟ್ ನೀರು ತಂದಿಟ್ಟರು. ಕಲ್ಲು ಒದ್ದೆಯಾದರೆ ಸವೆದ ಅಕ್ಷರವೂ ಕಾಣುತ್ತದೆ ಅಂದರು. ಆಂಟಿ ಕೊಟ್ಟಿದ್ದ ಪಟ್ಟಿ ಹಿಡಿದು ಒಂದೊಂದೇ ಕಲ್ಲಿಗೆ ನೀರು ಹಾಕುತ್ತಾ ಹೋದೆ. ಗೋಡೆಯ ಬದಿ ಕ್ರೋಟನ್ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಅವರೇ ಎರಡು ಕುಂಡ ಸರಿಸಿಕೊಟ್ಟರು. ಅದರಡಿಯ ಕಲ್ಲಿಗೆ ನೀರು ಹಾಕಿ ಕೈಯಿಂದ ಮಣ್ಣು ಒರೆಸಿದೆ. ಮೆನ್, ಐಬ್, ರೇ, ಗಿಮ್, ಐಬ್, ರೇ. ಅದರ ಕೆಳಗೆ ಆಂಟಿಯ ಕಾಗದಗಳಲ್ಲಿ ಎಷ್ಟೋ ಸಲ ಕಂಡಿದ್ದ, ಜುಲ್ಫಾದವನು ಅನ್ನುವ ಪದ, ಕೊನೆಯ ಸಾಲಿನಲ್ಲಿ ಹೆಂಡತಿಯ ಹೆಸರು, ತಗುಹಿ. ಆಂಟಿಯ ಡಬ್ಬದಲ್ಲಿದ್ದ ಮದುವೆ ಪತ್ರದಲ್ಲೂ ಅದೇ ಹೆಸರು.

ಮಾರ್ಗರ್ ಹಡಗು ಹತ್ತಿರಲಿಲ್ಲ. ಹತ್ತಿದ್ದರೂ ವಾಪಸ್ ಬಂದಿದ್ದ. ನಾಲ್ಕು ಫೋಟೊ ತೆಗೆದೆ. ಕಲ್ಲು ಆ ಬಿಸಿಲಿಗೆ ನನ್ನ ಕಣ್ಣೆದುರೇ ಒಣಗುತ್ತಾ ಬಂತು, ಅಕ್ಷರಗಳು ಮತ್ತೆ ಮಸುಕಾದವು. ಖುಷಿಯಾಗಬೇಕಿತ್ತು. ನನಗೆ ಬಂದದ್ದು ಅಳು. ಇಷ್ಟು ಜನ ಸಾಲದೆ ಇವರಿಗೆ? ಇದ್ದ ಒಂದು ಸಂದೂ ತುಂಬಿಹೋಯಿತು, ಅದೂ ನನ್ನ ಕೈಯಿಂದ. ಅಪ್ಪನ ಕೆಲಸ ಮುಗಿಸಿ ಬಂದ ಅದೇ ಕೈಯಿಂದ.

ಸಂಜೆ ಫೋನ್ ಬಂತು. “ಸಿಕ್ಕನಾ?”

“ಇಲ್ಲ ಆಂಟಿ, ಸಿಗಲಿಲ್ಲ,” ಅಂದೆ. ಮೊದಲೇ ಯೋಚಿಸಿದ ಸುಳ್ಳಲ್ಲ. ಆದರೆ ಬಾಯಿಗೆ ಬಂದಾಗ ತಡೆಯಲೂ ಇಲ್ಲ.

“ಸರಿ ಬಿಡು. ಬಿಸಿಲಲ್ಲಿ ತುಂಬ ಓಡಾಡಿದೆಯಾ? ಎಳನೀರು ಕುಡಿ. ಅಪ್ಪನ ಕೆಲಸ ಚೆನ್ನಾಗಿ ಆಯ್ತಾ?” ಅಂದರು.

ವಾಪಸ್ ಬಂದ ಎರಡು ತಿಂಗಳಿಗೆ ಅವರ ಅಪ್ಪ ತೀರಿಕೊಂಡ ದಿನ ಬಂತು. ಮೊಣಕಾಲು ನೋವು, ಒಬ್ಬಳೇ ಹೋಗಲು ಆಗಲ್ಲ, ನೀನೂ ಬಾ ಅಂದರು. ಮ್ಯಾನ್ಲಿಯಲ್ಲಿ ಗಾಳಿ ಜೋರಾಗಿತ್ತು. ನನ್ನ ತೋಳು ಹಿಡಿದು ಮರಳಿನ ಮೇಲೆ ನಿಧಾನವಾಗಿ ನಡೆದು, ನೀರು ಪಾದ ಮುಟ್ಟುವಲ್ಲಿ ನಿಂತು ಬ್ರೆಡ್ ಮುರಿದು ಹಾಕಿದರು. ಸೀಗಲ್ ಹಕ್ಕಿಗಳು ಅಲೆಗೆ ಸಿಗುವ ಮೊದಲೇ ಕಚ್ಚಿಕೊಂಡು ಹೋದವು. “ಹುಡುಕಿಸಿದೆ ಮಾರ್ಗರ್, ನೀನು ಅಲ್ಲಿಲ್ಲವಂತೆ. ಸರಿ, ಇಲ್ಲೇ ಇರು,” ಅಂದರು. ಆ ಫೋಟೊಗಳು ನನ್ನ ಜೇಬಿನ ಫೋನಿನಲ್ಲಿದ್ದವು. ನಾನು ಸಮುದ್ರ ನೋಡುತ್ತಾ ನಿಂತೆ.

ಆ ಚಳಿಗಾಲದಲ್ಲಿ ಆಂಟಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮಗ ಆರ್ಮೆನ್ ಮೆಲ್ಬರ್ನ್‌ನಿಂದ ಬಂದು ಅವರನ್ನು ಅಲ್ಲಿನ ಕ್ರೇಗಿಬರ್ನ್‌ನ ತನ್ನ ಮನೆಗೆ ಕರೆದೊಯ್ದ. ಡಬ್ಬಗಳೂ ಹೋದವು. ನಾವು ಬೇರೆ ಸಬರ್ಬ್‌ಗೆ ಮನೆ ಬದಲಿಸಿದೆವು. ಫೋನಿನಲ್ಲಿ ಆಗಾಗ ಮಾತಾಡುತ್ತಿದ್ದೆವು. ಮೊಮ್ಮಕ್ಕಳಿಗಾಗಿ ಮನೆತನದ ಪುಸ್ತಕ ಅಚ್ಚು ಹಾಕಿಸುತ್ತಿದ್ದೇನೆ, ನೀನೊಮ್ಮೆ ತಪ್ಪು ತಿದ್ದು ಅಂತ ಒಂದು ದಿನ ಕರಡು ಕಳಿಸಿದರು. ಮಾರ್ಗರನ ಪುಟದಲ್ಲಿ ಹೀಗೆ ಬರೆದಿದ್ದರು: ಮಾರ್ಗರ್ ಸಮುದ್ರದಲ್ಲಿದ್ದಾನೆ. ಇದನ್ನು ಖಚಿತ ಮಾಡಲು ವಾಣಿ ತನ್ನ ಅಪ್ಪನ ತಿಥಿ ಮುಗಿಸಿ, ಆ ದುಃಖದಲ್ಲೂ ಬಿಸಿಲಲ್ಲಿ ಎಲ್ಲ ಕಲ್ಲುಗಳನ್ನು ನೋಡಿ ಬಂದಳು.

ಆ ವಾಕ್ಯವನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಶನಿವಾರದ ಬೆಳಗಿನ ಫ್ಲೈಟ್ ಬುಕ್ ಮಾಡಿದೆ. ಸುರೇಶನಿಗೆ ಎಲ್ಲ ಹೇಳಿದಾಗ ಅವನು “ಹೋಗಿ ಬಾ,” ಅಂದ.

ಕ್ರೇಗಿಬರ್ನ್‌ನ ಮನೆಯಲ್ಲಿ ಆಂಟಿ ಕಿಟಕಿ ಪಕ್ಕ ಕಂಬಳಿ ಹೊದ್ದು ಕೂತಿದ್ದರು, ಕೈಯಲ್ಲಿ ಭೂತಗನ್ನಡಿ. ತುಂಬ ಸಣ್ಣಗಾಗಿದ್ದರು. ನಾನು ಕಾಫಿಗೂ ಕಾಯದೆ ಫೋನ್ ತೆಗೆದು ಅವರ ಮಡಿಲಲ್ಲಿಟ್ಟೆ. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ನೋಡಿದರು. ಅವರ ಬೆರಳು ತಗುಹಿಯ ಹೆಸರಿನ ಮೇಲೆ ನಿಂತಿತು.

“ಯಾರು ಕಳಿಸಿದ್ರು?”

“ನಾನೇ ತೆಗೆದದ್ದು ಆಂಟಿ. ಅವತ್ತೇ.”

ಅವರು ಫೋನಿನಿಂದ ತಲೆಯೆತ್ತಿದರು. “ಅವತ್ತು ಬೀಚಿಗೆ ಹೋದ್ವಲ್ಲ. ಆಗ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಬ್ರೆಡ್ ಹಾಕ್ತಿದ್ದಾಗ?”

“ಗೊತ್ತಿತ್ತು ಆಂಟಿ.”

“ಯಾಕೆ?”

ಫ್ಲೈಟಿನಲ್ಲಿ ಏನೇನೋ ಕಟ್ಟಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟೆ. “ಜಲನ್,” ಅಂದೆ, ಅವರ ಹಿಂದಿಯಲ್ಲೇ. “ಹೊಟ್ಟೆಕಿಚ್ಚು.”

“ನನ್ನ ಮೇಲಾ? ಈ ಮುದುಕಿ ಮೇಲೆ?”

“ನಿಮ್ಮ ಡಬ್ಬಗಳ ಮೇಲೆ.” ಪಶ್ಚಿಮವಾಹಿನಿಯ ಮೆಟ್ಟಿಲು, ಆ ಎರಡು ಹೆಸರು, ಎಲ್ಲ ಹೇಳಿದೆ.

ಅವರು ಕೇಳಿಸಿಕೊಂಡರು. ತಲೆ ಸವರುತ್ತಾರೆ ಅಂತ ನನ್ನೊಳಗೆಲ್ಲೋ ಒಂದು ಆಸೆಯಿತ್ತು. ಸವರಲಿಲ್ಲ. “ನನ್ನಪ್ಪ ಇಡೀ ಆಯಸ್ಸು ಮೀನಿಗೆ ಬ್ರೆಡ್ ಹಾಕಿದ,” ಅಂದರು. ಅದು ನಗುವೋ ಅಳುವೋ ತಿಳಿಯಲಿಲ್ಲ. “ಅವನಿಗೆ ಗೊತ್ತಿರಲಿಲ್ಲ, ಅದು ಬೇರೆ. ನೀನು ಗೊತ್ತಿದ್ದೂ ನನ್ನ ಕೈಯಲ್ಲಿ ಹಾಕಿಸಿದೆ. ನನಗೆ ತುಂಬ ಕೋಪ ಬಂದಿದೆ ವಾಣಿ.” ಜಾನ್ ಅನ್ನಲಿಲ್ಲ. “ಈಗ ಹೋಗು. ನಾಳೆ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡು. ಕೋಪ ಹೋಗಿದೆಯಾ ಇಲ್ಲವಾ ಹೇಳ್ತೀನಿ.”

ಮರುದಿನ ಸಿಡ್ನಿಯಿಂದ ಹತ್ತಕ್ಕೆ ಮಾಡಿದೆ. “ಇನ್ನೂ ಇದೆ. ನಾಳೆ ಮಾಡು,” ಅಂತ ಇಟ್ಟರು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ “ಇನ್ನೂ ಇದೆ,” ಅಂದವರು ಫೋನ್ ಇಡಲಿಲ್ಲ. ಪುಸ್ತಕದ ಆ ಪುಟವನ್ನು ಹೇಗೆ ತಿದ್ದಬೇಕು ಅಂತ ಕೇಳಿದರು. ಆಮೇಲೆ ಅದೇ ರೂಢಿಯಾಯಿತು. ಆಫೀಸಿನಲ್ಲಿ ಹತ್ತು ಗಂಟೆಗೆ ನಾನು ಲಿಫ್ಟ್ ಹತ್ತಿರದ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಅವರು ಮೊದಲು ಕೋಪದ ವರದಿ ಒಪ್ಪಿಸುತ್ತಿದ್ದರು, ಆಮೇಲೆ ಸೊಂಟದ್ದು, ಸೊಸೆಯ ಅಡುಗೆಯದ್ದು. ಒಮ್ಮೆ ನಮ್ಮಪ್ಪ ಹೇಗೆ ನಗುತ್ತಿದ್ದರು ಅಂತ ಕೇಳಿದರು, ಹೇಳಿದೆ. ಅವರ ಮಾತು ಕೇಳುವಾಗ ನನ್ನ ಹೊಟ್ಟೆಯುರಿ ಪೂರ್ತಿ ತಣ್ಣಗಾಗಿತ್ತು ಅಂದರೆ ಸುಳ್ಳಾಗುತ್ತದೆ. ಕಲ್ಲು ಸಿಕ್ಕ ಸುದ್ದಿ ಕೇಳಿ ಜಾವಾದ ಕಡೆಯ ನೆಂಟರೊಬ್ಬರು ಹೊಸ ಕಾಗದ ಕಳಿಸಿದ್ದಾರೆ ಅಂದಾಗ ಹಳೆಯ ಜಾಗದಲ್ಲೇ ಚುರುಕ್ ಅಂದಿತು. ಅದನ್ನೂ ಅವರಿಗೆ ಹೇಳಿದೆ. “ಸರಿ, ನಿನ್ನದೂ ಇನ್ನೂ ಇದೆ,” ಅಂದರು.

ಹೀಗೆ ಏಳೆಂಟು ವಾರ. ಒಂದು ಗುರುವಾರ ಹತ್ತು ಗಂಟೆಗೆ ಫೋನ್ ಎತ್ತಿದ್ದು ಆರ್ಮೆನ್. ಬೆಳಗ್ಗೆ ಉಸಿರಾಟ ಕಷ್ಟವಾಗಿ ಆಂಬುಲೆನ್ಸ್ ಕರೆಸಬೇಕಾಯಿತು, ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಅಂದ. ಆಮೇಲೆ ಸ್ವಲ್ಪ ತಡವರಿಸಿ, “ನನಗಿದು ಅರ್ಥವಾಗಲಿಲ್ಲ, ವಾಣಿ. ಸ್ಟ್ರೆಚರ್ ಮೇಲಿಂದ ಅಮ್ಮ ನಿನಗೆ ಹೇಳು ಅಂದ್ರು. ಇನ್ನೂ ಇದೆಯಂತೆ. ನಾಳೆ ಮಾಡಬೇಕಂತೆ,” ಅಂದ.

ಮರುದಿನ ಹತ್ತಕ್ಕೆ ಕಿಟಕಿಯ ಹತ್ತಿರ ಹೋಗಿ ಮಾಡಿದೆ. ಬಹಳ ಹೊತ್ತು ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಬೆಳಗ್ಗೆ ಏಳಕ್ಕೇ ಆಂಟಿ ಹೋಗಿದ್ದರು ಅನ್ನುವುದು ಮಧ್ಯಾಹ್ನ ಆರ್ಮೆನ್‌ನ ಮೆಸೇಜು ಬಂದಾಗ ತಿಳಿಯಿತು.